ಹಿಟ್ಟಿನ ಕೈ

ಐವತ್ತೆಂಟು, ಅಂದಳು ನರ್ಸ್.
ವಯಸ್ಸಲ್ಲ, ವಯಸ್ಸು ಅರವತ್ತೊಂದು;
ಇದು ರಕ್ತದೊಳಗಿನ ಸಕ್ಕರೆಯ ಲೆಕ್ಕ.
ಕಿಟಕಿಯಾಚೆ ಎಸ್ಟರ್‌ಸುಂಡಿನ ಸರೋವರ
ದಡದಿಂದ ದಡಕ್ಕೆ ಕಲ್ಲಾಗಿತ್ತು,
ಯಾರೋ ಅದರ ಮೇಲೆ ನಾಯಿ ಹಿಡಿದು ನಡೆಯುತ್ತಿದ್ದರು
ಕೆಳಗೆ ಏನೂ ಇಲ್ಲವೆಂಬಂತೆ.

ನಾನು ರೊಟ್ಟಿಯವಳು.
ನಲವತ್ತು ವರ್ಷ ಊರೊಟ್ಟಿನ ಒಲೆಮನೆಯಲ್ಲಿ
ಬಾರ್ಲಿ ಹಿಟ್ಟು ನಾದಿ, ಗೀರು ಲಟ್ಟಣಿಗೆಯಲ್ಲಿ ಲಟ್ಟಿಸಿ,
ಬೆಳಕು ಹಾಯುವಷ್ಟು ತೆಳ್ಳಗೆ ಹಾಳೆ ಮಾಡಿ
ಉದ್ದ ಕೋಲಲ್ಲಿ ಎತ್ತಿ
ಬರ್ಚ್ ಕಟ್ಟಿಗೆಯ ಉರಿಗೆ ಬೆನ್ನು ತಿರುವಿಸಿದವಳು.
ನನಗೆ ಹೇಳುತ್ತಾರೆ: ಹಿಟ್ಟು ಬಿಡು.
ಮೀನಿಗೆ ಹೇಳಿದ ಹಾಗೆ,
ನೀರು ಸ್ವಲ್ಪ ಕಡಿಮೆ ಮಾಡು.

ತಮ್ಮನ ಹೆಂಡತಿ ಸೀವ್ ಬಿಟ್ಟಳು. ರೊಟ್ಟಿ, ಆಲೂಗಡ್ಡೆ,
ಹಣ್ಣಿನ ಜಾಮು, ಎಲ್ಲ.
ಬೆಣ್ಣೆ, ಕೆನೆ, ಮೊಟ್ಟೆ, ಹಂದಿಯ ನೆಣ.
ಹನ್ನೊಂದು ಕಿಲೋ ಇಳಿದಳು.
ಈಗ ಕಾಫಿಗೂ ಬೆಣ್ಣೆ ತೇಲಿಸಿಕೊಂಡು
ದೇವರನ್ನು ಕಂಡುಬಂದವಳ ಹಾಗೆ ಮಾತಾಡುತ್ತಾಳೆ.
ಅದೇ ಮೇಜು, ಅದೇ ಬಾಣಲೆ,
ನನ್ನ ತಮ್ಮ ಸಿಕ್ಸ್ಟೆನ್‌ನ ಕೊಲೆಸ್ಟರಾಲ್ ಮಾತ್ರ
ಹಿಮ ಕರಗಿದ ಮೇ ತಿಂಗಳ ಹೊಳೆಯಂತೆ ಏರಿತು.
ಸಾಕು ನಿಲ್ಲಿಸಿ, ಅಂದರು ಆಸ್ಪತ್ರೆಯವರು.
ಈಗ ಹೆಂಡತಿಯ ಎದುರು ಕೂತು
ಓಟ್ಸ್ ಗಂಜಿ ಕುಡಿಯುತ್ತಾನೆ, ಕದ್ದವನ ಮುಖ ಹೊತ್ತು.
ಒಂದೇ ಬೆಣ್ಣೆ. ಎರಡು ಮೈ.
ಮೂರನೆಯದು ನನ್ನದು.

ಡಾಕ್ಟರ್ ಹೊದಾನ್ ವರ್ಸಾಮೆ, ಮೊಗದಿಶುವಿನವಳು,
ಒಳಗೂ ಉಣ್ಣೆಯ ಟೋಪಿ ತೆಗೆಯದವಳು, ಹೇಳಿದಳು:
ಕೆಲವರಿಗೆ ಒಗ್ಗುತ್ತದೆ, ಕೆಲವರಿಗಿಲ್ಲ.
ಇನ್ಸುಲಿನ್ ಚುಚ್ಚಿಕೊಳ್ಳುವವರಾಗಿದ್ದರೆ ಬೇರೆ ಮಾತಿತ್ತು,
ಸಕ್ಕರೆ ಪಾತಾಳ ಮುಟ್ಟೀತು. ನಿಮ್ಮದು ಬರಿ ಮಾತ್ರೆ.
ಮೂರು ತಿಂಗಳು ನೋಡೋಣ, ಆಲ್ಫ್‌ಹಿಲ್ಡ್.
ಆಮೇಲೆ ನಾನೂ ಬೇಡ, ನಿಮ್ಮ ಸೀವ್ ಕೂಡ ಬೇಡ,
ರಕ್ತವನ್ನೇ ಕೇಳೋಣ.
ಅಂದಹಾಗೆ, ನಿಮ್ಮ ಒಂದು ರೊಟ್ಟಿ ಎಷ್ಟು ತೂಗುತ್ತದೆ?

ಗೊತ್ತಿರಲಿಲ್ಲ.
ಮನೆಗೆ ಬಂದು ಕೋಟು ಬಿಚ್ಚದೆ ತಕ್ಕಡಿಗೆ ಹಾಕಿದೆ.
ಎಪ್ಪತ್ತು ಗ್ರಾಂ.
ಇನ್ನೊಂದು, ಎಪ್ಪತ್ತು.
ಮೂರನೆಯದೂ.
ಕೈಗೆ ಇಷ್ಟು ತಿಳಿದಿತ್ತು, ನನಗೆ ಹೇಳಿರಲಿಲ್ಲ.
ಊಟ ಬಲ್ಲವರಿಗೆ ರೋಗವಿಲ್ಲವಂತೆ.
ಊರಿಗೇ ಉಣಿಸಬಲ್ಲವಳಿಗೆ?

ಮೊದಲ ವಾರ ತಲೆ ಸಿಡಿಯಿತು,
ರಾತ್ರಿ ಮೀನಖಂಡ ಹಿಡಿದುಕೊಂಡಿತು.
ಎರಡನೆಯ ವಾರ, ವಿಚಿತ್ರ, ಹನ್ನೊಂದಕ್ಕೆ ಹಸಿವಾಗಲಿಲ್ಲ.
ಮೂರನೆಯ ವಾರದ ಕಕ್ಕಸಿನ ಕಥೆ ಬೇಡ.
ಸಿಹಿಯ ಆಸೆ ಕಾಡಲೇ ಇಲ್ಲ;
ಕಾಡಿದ್ದು ಸದ್ದು.
ಒಣರೊಟ್ಟಿ ಮುರಿದಾಗಿನ ಆ ಚಟ್,
ಬಾಯೊಳಗೆ, ಕಿವಿಯ ಹತ್ತಿರ.

ಶನಿವಾರ ಶನಿವಾರ ಬೇಯಿಸಿದೆ, ಬೇರೆಯವರಿಗೆ.
ಉರಿಯ ಮುಂದೆ ಉಗುಳು ನುಂಗುತ್ತ ನಿಂತೆ,
ಕುಡಿಯದವನು ಹೆಂಡದಂಗಡಿ ನಡೆಸಿದ ಹಾಗೆ.

ಏಪ್ರಿಲ್‌ನಲ್ಲಿ ಮಂಜುಗಡ್ಡೆಗೆ ಮೊದಲ ಬಿರುಕು ಬಿದ್ದ ದಿನ
ಕಾಗದ ಬಂತು.
ಸಕ್ಕರೆ ನಲವತ್ತೇಳು.
ಖುಷಿ ಪಡಲು ಬಾಯಿ ತೆರೆದರೆ ಕೆಳಗಿನ ಸಾಲು:
ಕೆಟ್ಟ ಕೊಬ್ಬು ಏರಿದೆ, ತಮ್ಮನಷ್ಟಲ್ಲ,
ಅಕ್ಕ ಅನ್ನಿಸಿಕೊಳ್ಳುವಷ್ಟು.
ಸೀವ್ ಮೊದಲ ಸಾಲು ಓದಿ ನನ್ನನ್ನು ಅಪ್ಪಿದಳು.
ಸಿಕ್ಸ್ಟೆನ್ ಎರಡನೆಯದನ್ನು ಓದಿ
ಗಂಜಿಯ ಡಬ್ಬಿ ನನ್ನ ಕಡೆ ಸರಿಸಿದ.

ಬೆಣ್ಣೆ ಕಡಿಮೆ ಮಾಡಿದ್ದೇನೆ, ರೇಪ್ ಎಣ್ಣೆ ಹಿಡಿದಿದ್ದೇನೆ.
ಹೆರಿಂಗ್ ಮೀನು, ಎಲೆಕೋಸು,
ದಿನಕ್ಕೆ ಅರ್ಧ ರೊಟ್ಟಿ. ಮೂವತ್ತೈದು ಗ್ರಾಂ, ತೂಗದೆ ಹೇಳುತ್ತೇನೆ.
ಇದೇ ಸರಿಯೋ, ಗೊತ್ತಿಲ್ಲ.
ಇದಕ್ಕೊಂದು ಹೆಸರೂ ಇಲ್ಲ, ಸೀವ್‌ಗೆ ಅದೇ ಬೇಸರ.

ಜುಲೈನಲ್ಲಿ ಮತ್ತೆ ಅದೇ ಕುರ್ಚಿ.
ಬೆರಳು ಚಾಚಿದೆ.
ನರ್ಸ್ ಸೂಜಿ ಹಿಡಿದವಳು ನಿಲ್ಲಿಸಿದಳು:
ಕೈ ತೊಳೆದು ಬನ್ನಿ,
ಉಗುರಲ್ಲಿ ಹಿಟ್ಟಿದೆ.