ಶಬ್ದಪ್ರಮಾಣ

ಬೋಳಾರದ ಹೆಂಚಿನ ಕಾರ್ಖಾನೆಯಲ್ಲಿ
ನಾನು ಲೆಕ್ಕ ಬರೆಯುತ್ತಿದ್ದೆ.
ಬಿ.ಎ., ತತ್ವಶಾಸ್ತ್ರ, ಎರಡನೇ ದರ್ಜೆ.
ಹೆಂಚಿಗೂ ಮೂರೇ ದರ್ಜೆ ಎಂದು
ಮೊದಲ ದಿನ ತಿಳಿದು ಸಮಾಧಾನವಾಯಿತು.

ಗೂಡಿನಿಂದ ಇಳಿದ ಹೆಂಚು, ಇನ್ನೂ ಬೆಚ್ಚಗೆ,
ಸೆವ್ರಿನ್ ಬಾಯಿಯ ಮಡಿಲಿಗೆ ಬರುತ್ತಿತ್ತು.
ಎಡಗೈಯಲ್ಲಿ ಎತ್ತಿ, ಬಲಗೈಯ ಗೆಣ್ಣಿನಿಂದ
ಒಂದು ಪೆಟ್ಟು.
ಠಣ್ ಅಂದರೆ ಒಂದು.
ಟೊಣ್ ಅಂದರೆ ಎರಡು.
ಬದ್ ಅಂದರೆ ಏನೂ ಅನ್ನದೆ ಹಿಂದಕ್ಕೆ ಸರಿಸುವಳು,
ಮದುವೆಗೆ ಒಪ್ಪದ ಹುಡುಗನ ಫೋಟೋದ ಹಾಗೆ.

ಹೇಗೆ ಗೊತ್ತಾಗ್ತದೆ ಬಾಯಿ?
ಗೊತ್ತಾಗ್ತದೆ.
ಆದರೆ ಹೇಗೆ?
ಬಡಿದ್ರೆ ಗೊತ್ತಾಗ್ತದೆ ಮಾರಾಯ್ರೆ.
ಬಡಿಯದಿದ್ರೆ ನಂಗೂ ಎಂತ ಗೊತ್ತಿಲ್ಲ.

ಶಬ್ದವೂ ಒಂದು ಪ್ರಮಾಣ
ಎಂದು ಬರೆಸಿದ್ದರು ನಮ್ಮ ಮೇಷ್ಟ್ರು.
ಶಬ್ದವೆಂದರೆ ಆಪ್ತರ ಮಾತು, ಹೆಂಚಿನದ್ದಲ್ಲ.
ಮಬ್ಬುಗತ್ತಲಲ್ಲಿ ಹಾವಾಗಿ ಕಂಡ ಹಗ್ಗವನ್ನು
ಮೂರು ವರ್ಷ ನೋಡಿದೆವು ನಾವು,
ಕೊನೆಯ ಬೆಂಚಿನಿಂದ, ದೂರದಿಂದ.
ಒಬ್ಬನೂ ಎದ್ದು ಹೋಗಿ ಮುಟ್ಟಲಿಲ್ಲ.
ಅದನ್ನು ಬಾವಿಗಿಳಿಸಿ
ಒಂದು ಕೊಡ ನೀರು ಸೇದಲಿಲ್ಲ.

ಮೇ ತಿಂಗಳು. ದೊಡ್ಡ ಆರ್ಡರು, ಸಣ್ಣ ದಾಸ್ತಾನು.
ಮ್ಯಾನೇಜರು ನನ್ನ ಮೇಜಿಗೆ ಬಾಗಿ ಹೇಳಿದರು:
ಎರಡನ್ನು ಒಂದು ಅಂತ ಬರೀರಿ.
ಫಸ್ಟ್ ಕ್ಲಾಸ್ ಅಂದರೆ ಎಂತದು? ಖರ್ಚಾದದ್ದು.
ಕೆಲಸಕ್ಕೆ ಬಂದದ್ದೇ ಸತ್ಯ, ಅಲ್ವ ಫಿಲಾಸಫರೇ?

ಬಾಯಿ ತಲೆ ಎತ್ತಲಿಲ್ಲ.
ಬರೀರಿ, ಪುಸ್ತಕ ನಿಮ್ಮದು.
ಮಳೆ ನಿಮ್ಮದಲ್ಲ.

ನಾನು ಬರೆದೆ.
ಅದು ಯಾರ ಕೆಲಸಕ್ಕೆ ಬಂತು ಎಂದು
ಜೂನ್ ಹತ್ತರಿಂದ ಕಾಗದಗಳು ಬರತೊಡಗಿದವು.

ಆದರೆ ಅವುಗಳಲ್ಲಿ ಒಂದು, ಬಜಾಲಿನದು,
ಅವಳೇ ಠಣ್ ಅನ್ನಿಸಿದ ಹೆಂಚು. ಸೋರಿತ್ತು.
ತರಿಸಿದಳು. ಬಡಿದಳು. ಠಣ್.
ಬಕೆಟ್ಟಿನಲ್ಲಿ ಒಂದು ರಾತ್ರಿ ನೆನೆಹಾಕಿ
ಬೆಳಿಗ್ಗೆ ಮತ್ತೆ ಬಡಿದಳು. ಠಣ್.
ಹೆಂಚು ಸುಳ್ಳು ಹೇಳಿತು ಅನ್ನಲಿಲ್ಲ,
ಮಾಡಿನವನು ಸರಿ ಇಡಲಿಲ್ಲ ಅನ್ನಲಿಲ್ಲ.
ಉಗುರಿನಿಂದ ಅಂಚು ಸವರುತ್ತ ಹೋದಳು
ಊಟದ ಗಂಟೆ ಹೊಡೆಯುವವರೆಗೆ.
ಮೂಗಿನ ಹತ್ತಿರ, ಕೂದಲಿನಷ್ಟು ಬಿರುಕು.
ನಡುವೆ ಬಡಿದರೆ ಹಾಡ್ತದೆ ನೋಡಿ,
ಮೂಲೆಗೆ ಬಡಿದರೆ ಕೆಮ್ಮುತ್ತದೆ.
ಇಷ್ಟು ವರ್ಷ ನಾನು ಹಾಡು ಮಾತ್ರ ಕೇಳಿದ್ದು.

ಅಂದಿನಿಂದ ಹೆಂಚಿಗೆ ಎರಡು ಪೆಟ್ಟು.
ಸಾವಿರಕ್ಕೆ ಇಷ್ಟು ಎಂಬ ಕೂಲಿಯಲ್ಲಿ
ಎರಡನೇ ಪೆಟ್ಟಿಗೆ ಕಾಸಿಲ್ಲ.
ಪಕ್ಕದ ಸಾಲಿನ ಐಸಮ್ಮ ಬೈದಳು,
ನಿನ್ನಿಂದ ನಮಗೂ ತಡ.
ವಾರ ಕಳೆದ ಮೇಲೆ ಒಂದು ಸಂಜೆ
ಯಾರೂ ನೋಡದಾಗ ತಾನೂ ಮೂಲೆಗೆ ಬಡಿದಳು,
ಕಿವಿ ಹತ್ತಿರ ಹಿಡಿದಳು,
ಆ ಹೆಂಚನ್ನು ಹಿಂದಕ್ಕೆ ಸರಿಸಿದಳು.

ನನ್ನ ಲೆಕ್ಕದ ಪುಸ್ತಕ
ಬಲ್ಲದ್ದೆಂದರೆ ಇಷ್ಟೇ:
ಆ ವರ್ಷ ಮೂರನೇ ದರ್ಜೆ ಹೆಚ್ಚಿತು.

ಈಗ ಅಲ್ಲಿ ಚಿಮಣಿಯೊಂದೇ ಉಂಟು,
ಅದರ ಬುಡಕ್ಕೆ ಫ್ಲ್ಯಾಟಿನವರ ಕಾರುಗಳು.

ನಿನ್ನೆ ಕಂಕನಾಡಿಯ ಆಸ್ಪತ್ರೆಯಲ್ಲಿ
ಬಾಯಿಯ ಬೆನ್ನಿಗೆ ಎಡಗೈಯ ಬೆರಳಿಟ್ಟು
ಬಲಗೈಯ ಬೆರಳಿನಿಂದ
ಎಳೆಯ ಡಾಕ್ಟರು ಬಡಿಯುತ್ತಿದ್ದ.
ಮೇಲೆ, ಠಣ್ ಅಲ್ಲದಿದ್ದರೂ, ಟೊಳ್ಳಾದ ಒಂದು ದನಿ.
ನಡುವೆ ಅದೇ.
ಅವನು ಕೈ ತೆಗೆದ.
ಅವಳು ಗೋಡೆಗೆ ಮುಖ ಮಾಡಿಯೇ ಅಂದಳು:
ಎಡಗಡೆ, ಕೆಳಗೆ, ಮೂಲೆಗೆ ಒಂದು ಬಡೀರಿ.

ಬಡಿದ.

ನಾವು ಮೂವರೂ ಕೇಳಿದೆವು.
ಬಾಯಿ ನನ್ನ ಕಡೆ ತಿರುಗಿ
ಮೂರು ಬೆರಳು ತೋರಿಸಿದಳು,
ಬರೆದುಕೊಳ್ಳಿ ಎಂಬಂತೆ.

ಎಕ್ಸ್‌ರೇ ನಾಳೆ, ಎಂದ ಡಾಕ್ಟರು.
ಹೌದು, ಎಂದಳು, ತೆಗೀರಿ.
ನಂದು ತಪ್ಪಿದ್ದೂ ಉಂಟು.