ಪೆನ್ಸಿಲ್ ಚುಕ್ಕಿ

ಝುವಾರಿನಗರದ ಏರು ಹತ್ತೂವಾಗ ಪೊದೇರನ ಸೈಕಲ್ಲು
ಮೊದಲ್ನೇ ಪೋಂಕ್ ಅಂತೈತಿ. ಆವಾಗ ಗುಳಿಗಿ.
ಜ್ವಾಳದ ಕಾಳಿನಷ್ಟು, ಬೆಳ್ಳಗ, ರುಚಿ ಇಲ್ಲ.
ಪಾವಿನ ಬುಟ್ಟಿ ಖಾಲಿ ಮಾಡ್ಕೊಂಡು ಅಂವ ತಿರುಗಿ ಇಳಿಯೂತನಕ
ಚಹಾ ಇಲ್ಲ.
ಒಲಿ ಮ್ಯಾಲ ಅತ್ತಿಯ ಚಹಾ ಕುದೀತಿರತೈತಿ, ಶುಂಠಿ ಹಾಕಿದ್ದು.
ನಾ ಮೂಗಿಲೇ ಕುಡೀತೀನಿ.

ವೆರ್ಣಾದ ಫ್ಯಾಕ್ಟರಿಯೊಳಗ ನನ್ನ ಕೆಲಸಾನೂ ಗುಳಿಗೀದೇ.
ಪಟ್ಟಿ ಮ್ಯಾಲ ಪಟ್ಟಿ ಬರ್ತಾವು, ಕಣ್ಣು ಮಿಟುಕಿಸೂ ಹಂಗಿಲ್ಲ:
ಹತ್ತು ಮನಿಯೊಳಗ ಒಂದು ಮನಿ ಖಾಲಿ ಇತ್ತಂದ್ರ
ಇಡೀ ಪಟ್ಟಿ ಕಸದ ಡಬ್ಬಿಗೆ.

ಹ್ವಾದ ವರ್ಷ ನನ್ನ ಪಟ್ಟಿಯೊಳಗ ಮೂರು ಮನಿ ಖಾಲಿ.
ಅತ್ತಿ ಬಾಯಿಬಿಟ್ಟು ಕೇಳಲಿಲ್ಲ, ಹುಣಸಿಕಾಯಿ ತಂದಿಟ್ಟಳು,
ಬಾದಾಮಿಗೆ ಫೋನ್ ಹಚ್ಚಿ ಪಿಸಪಿಸ ಅಂದಳು.
ಯಮನಪ್ಪ ಬಂದರದ ಕೆಲಸದಿಂದ ಬರ್ತಾ ಪೇಢೆ ತಂದ.
ನನಗ ಗೊತ್ತಿತ್ತು, ಇದು ಅದಲ್ಲ.
ಮೇ ತಿಂಗಳದಾಗ ಚಾದರ ಹೊಚ್ಕೊಂಡು ನಡುಗೂ ಬಸುರೀನ
ಯಾರು ನೋಡ್ಯಾರ?

ನಾಕನೇ ತಿಂಗಳು ಬಂತು ನೋಡ್ರಿ,
ಹದಿನಾಕು ದಿವಸ.
ಬಿಳೀ ಗೌನು ಹಾಕ್ಕೊಂಡು ನಿಂತು ಮಾಡೂ ಕೆಲಸ ನಮ್ದು.
ಎಸ್ಮೆರಾಲ್ಡಾ ನನ್ನ ಬೆನ್ನಿಗೆ ಬೆನ್ನು ಹಚ್ಚಿ ನಡದಳು,
ಟಾಯ್ಲೆಟ್ಟಿನ ತನಕ, ಇಬ್ರೂ ಏಡಿ ಹಂಗ.
ಸೂಪರವೈಜರ ಗಡಿಯಾರ ನೋಡಿದ.

ಚಿಖಲಿ ದವಾಖಾನಿಯೊಳಗ ಡಾಕ್ಟರಮ್ಮ ಪ್ರಿಯೋಳ್ಕರ
ಹೊಟ್ಟಿ ಮುಟ್ಟಲೇ ಇಲ್ಲ, ಕುತ್ತಿಗಿ ಮುಟ್ಟಿದಳು.
ಉಗುಳು ನುಂಗು, ಅಂದಳು. ನುಂಗಿದೆ.
ರಕ್ತ ತಗಸಿ ಚೀಟಿ ನೋಡಿ, ಇಲ್ಲೈತಿ ನಿನ್ನ ತಿಂಗಳು, ಅಂದಳು.
ತಾಳಿ ಕಟ್ಟೂ ಜಾಗಾ.
ಅಲ್ಲಿ ಒಳಗ ಏನಿರತೈತಿ ಅಂತ
ಮೂವತ್ತಮೂರು ವರ್ಷ ಯಾರೂ ಹೇಳಿದ್ದಿಲ್ಲ.

ಕ್ಯಾಲೆಂಡರಿನ್ಯಾಗ ಹಾಲು ಬಂದ ದಿನಕ್ಕ ಒಂದು ಗೀಟು.
ಅದರ ಪಕ್ಕ ಪೆನ್ಸಿಲ್ಲಿಂದು ಸಣ್ಣ ಚುಕ್ಕಿ, ಅದು ನಂದು.
ಗುಳಿಗಿ ಸುರು ಆದ ಮ್ಯಾಲ ನಡುವಿನ ದಿನಾ ಎಣಿಸಿದೆ:
ಐವತ್ತು. ಮೂವತ್ತೆಂಟು. ಮೂವತ್ತೊಂದು.
ಆಮ್ಯಾಲೆ ನೂರರ ಗುಳಿಗಿ ಬರದಳು, ಆಟ ಬ್ಯಾರೇನ ಆತು.
ಒಂದೂವರಿ ದಿನ, ಅರಿವಿಗೆ ಕುಂಕುಮ ಹತ್ತಿದಂಗ, ಮುಗೀತು.
ಎದಿ ಡಬಡಬ, ಕೈ ನಡುಕ,
ಎರಡು ಖಾಲಿ ಮನಿ ನನ್ನ ಕಣ್ಣು ತಪ್ಪಿಸಿ ಡಬ್ಬಿಯೊಳಗ ಪ್ಯಾಕಾಗಿ ಹ್ವಾದ್ವು.
ಕಾಟ, ಹೊಲಸು ಅಂತ ಬೈದದ್ದರ
ಹಾದಿ ಕಾಯ್ದೆ, ಊರಿಂದ ಬರೂ ಬಸ್ಸಿನ ಹಾದಿ ಕಾಯ್ದಂಗ.
ಹೆಚ್ಚಾಗೈತಿ, ಅಂದಳು ಡಾಕ್ಟರಮ್ಮ. ಎಂಬತ್ತೆಂಟಕ್ಕ ಇಳಿಸಿದಳು.

ಇವತ್ತ ನಸುಕಿನ್ಯಾಗ ಅತ್ತಿ ಹಾಲಿನ ಲೆಕ್ಕ ಹಾಕ್ಲಿಕ್ಕೆ ಕುಂತಳು.
"ಗೀಟು ಇಪ್ಪತ್ತೆಂಟು, ಸರಿ. ಈ ಚುಕ್ಕಿ ಯಾರ ಹಾಲಿಂದು?"
ನಂದು, ಅಂದೆ.
ಕನ್ನಡಕ ಏರಿಸಿ ನೋಡಿದಳು, ಭಾಳ ಹೊತ್ತು.
ಒಂದೇ ಖೋಲಿಯೊಳಗ "ಹೊರಗ" ಅನ್ನೂದೇ ಇಲ್ಲಂತ
ಬಾಗಿಲ ಹಂತೇಲಿ ನನ್ನ ಕುಂಡ್ರಿಸಿದಾಕಿ,
ಪೆನ್ಸಿಲ್ ತುದಿ ನಾಲಿಗಿಗೆ ಹಚ್ಚಿ
ಮಸಕಾಗಿದ್ದ ಏಪ್ರಿಲ್ಲಿನ ಚುಕ್ಕೀನ ಇನ್ನಷ್ಟು ಕಪ್ಪಗ ಮಾಡಿದಳು.

ತೆಳಗ ಎರಡ್ನೇ ಪೋಂಕ್.
ಸೋಸ್ಕೊ, ಅಂದಳು, ಆರತೈತಿ.