ಅರ್ಧ ಗೆರೆ

ನಲವತ್ತೊಂಬತ್ತಕ್ಕೆ ಸೂಜಿ ನನ್ನ ಮಾತು ಕೇಳುವುದು ಬಿಟ್ಟಿತು.
ಕೈ ಉದ್ದ ಚಾಚಿ, ನಾಲಿಗೆಯ ತುದಿಗೆ ದಾರ ತಾಗಿಸಿ,
ಕುಲಶೇಖರದ ಅಂಗಡಿ ಬಾಗಿಲ ಬೆಳಕಿಗೆ ತಿರುಗಿ ನಿಂತರೆ
ಯಾರನ್ನೋ ಬೈಯುವವಳ ಹಾಗೆ ಕಾಣುತ್ತಿದ್ದೆನಂತೆ ಬೀದಿಗೆ.

ಸೂಜಿಗಾದರೆ ಕನ್ನಡಕ ಸಾಕು.
ಬಂದೂಕಿಗೆ ಸಾಲದು. ಅಲ್ಲಿ ಮೂರು ದೂರ:
ಹತ್ತಿರದ ಕಚ್ಚು, ನಳಿಗೆ ತುದಿಯ ಮೊಳೆ,
ಐವತ್ತು ಮೀಟರಿನಾಚೆ ಕಾಗದದ ಕಪ್ಪು ಚುಕ್ಕೆ.
ಒಂದನ್ನು ಹಿಡಿದರೆ ಇನ್ನೆರಡು ಮಂಜು,
ಮೂರು ತುಂಟ ಮಕ್ಕಳನ್ನು ಒಂದೇ ಫೋಟೊಕ್ಕೆ ನಿಲ್ಲಿಸಿದ ಹಾಗೆ.

ಹಾಗಾಗಿ ಸ್ಕೋಪು. ಹಾಗಾಗಿ ಬಂದರು,
ಹಗ್ಗ, ದಿಕ್ಸೂಚಿ, ಲೈಫ್ ಜಾಕೆಟ್ಟುಗಳ ನಡುವೆ
ಮೋನಬ್ಬನವರ ಗಾಜಿನ ಕಪಾಟು.
ಪರ್ಸಿನಲ್ಲಿ ಒಂದು ಮದುವೆ ಗೌನು, ಹನ್ನೊಂದು ರವಿಕೆ,
ಲೆಕ್ಕ ಬರೆಯದ ಪ್ಯಾಂಟಿನ ಅಂಚು: ಒಟ್ಟು ಐದು ಸಾವಿರ.

"ಯಾವ ಗನ್ನು ಬಾಯಮ್ಮ?"
"ಪಾಯಿಂಟ್ ಟೂ ಟೂ."
"ಅದಕ್ಕೆ ಒದೆತ ಎಂತದ್ದೂ ಇಲ್ಲ, ಬೆಕ್ಕು ಸೀನಿದ ಹಾಗೆ.
ಯಾವ ಗಾಜೂ ಬದುಕಿಕೊಳ್ಳುತ್ತದೆ."
ಎಂದರೂ ಅವರ ಕೈ ಹೋದದ್ದು ಮೇಲಿನ ತಟ್ಟಿಗೆ.
ಮೂರರಿಂದ ಒಂಬತ್ತು ಪಟ್ಟು, ಲೋಟದಷ್ಟು ಅಗಲದ ಬಾಯಿ,
ಒಳಗೆ ಕೆಂಪು ದೀಪ ಬೇರೆ. ಆರು ಸಾವಿರದ ಎಂಟುನೂರು.
ನನಗಾದರೆ ಐದೂವರೆ.

ಎತ್ತಿ ಹಿಡಿದು ನೋಡಿದೆ.
ಧಕ್ಕೆಯಲ್ಲಿ ನಿಂತ ಬೋಟಿನ ಹೆಸರು ಓಡಿ ಬಂತು ಕಣ್ಣಿಗೆ.
ಬಣ್ಣ ಸುಲಿದ ಅಕ್ಷರ, ಅದರ ಮೇಲೊಂದು ಕಾಗೆ,
ಎಲ್ಲ ಕುಪ್ಪಳಿಸುತ್ತಿದ್ದವು.
ಬೋಟಲ್ಲವೇ, ಅಲುಗುತ್ತದೆ ಅಂದುಕೊಂಡೆ. ಗೋಡೆಗೆ ತಿರುಗಿಸಿದೆ.
ಗೋಡೆಯೂ ಕುಪ್ಪಳಿಸಿತು.
ಅದು ನನ್ನ ನಾಡಿ.
ನನ್ನ ನಡುಕವನ್ನೇ ಒಂಬತ್ತು ಪಟ್ಟು ಮಾಡಿ ತೋರಿಸಲಿಕ್ಕೆ ಐದೂವರೆ ಸಾವಿರ.

ಕೆಳಗಿನ ತಟ್ಟಿನಲ್ಲಿತ್ತು ನಾಲ್ಕು ಪಟ್ಟಿನದು.
ಸಪೂರ, ಹೊಳಪಿಲ್ಲದ್ದು, ಬೆಲೆಚೀಟಿ ಹಳದಿಯಾದದ್ದು.
ಹಗ್ಗದ ಸುರುಳಿಯಲ್ಲಿ ಅದನ್ನು ಹೂತು, ಕೈ ತಾಗಿಸದೆ,
ತಲೆಯನ್ನಷ್ಟೇ ಆಚೀಚೆ ಸರಿಸಿದೆ.
ಅಗ್ಗದ ಗಾಜು ಸುಳ್ಳು ಹೇಳುವುದು ಇಲ್ಲಿಯೇ:
ಕಣ್ಣು ಸರಿದತ್ತ ಗೆರೆಯೂ ಸರಿಯುತ್ತದೆ,
ವಕೀಲನ ಮುಖ ನೋಡಿ ಸಾಕ್ಷಿ ಬದಲಿಸುವವನ ಹಾಗೆ.
ಇದು ಸರಿಯಲಿಲ್ಲ. ರಸ್ತೆಯಾಚೆಯ ಮೆಣಸಿನ ಗೋಣಿಯ
ಒಂದು ಹೊಲಿಗೆಯ ಮೇಲೆ ಕೂತದ್ದು ಅಲ್ಲೇ ಕೂತಿತು.
ಹೊಲಿಗೆ ಸೊಟ್ಟ ಇತ್ತು. ಅದೂ ಕಂಡಿತು.

"ಮಳೆಗಾಲದಲ್ಲಿ ಒಳಗೆ ಬೆವರುತ್ತದಾ?"
"ಬೆವರದ್ದು ಎಂತ ಉಂಟು ಈ ಊರಲ್ಲಿ?"
ಮೂರು ಸಾವಿರದ ಇನ್ನೂರು. ಬಿಲ್ಲು ಬರೆಯುತ್ತ ಕೇಳಿದರು,
"ಹಳೆ ಸೈಟು ಬಿಚ್ಚಿಸುತ್ತೀರಾ? ದೊಡ್ಡದಾದರೆ ಬಿಚ್ಚಲೇಬೇಕಿತ್ತು,
ಬಾಯಿ ತಾಗುತ್ತದೆ. ಇದರಡಿ ಅದು ಇದ್ದರೂ ಆಯಿತು."

ಆ ಕಚ್ಚು ಸಿಪ್ರಿಯನ್ ಕೂರಿಸಿದ್ದು.
ನೀರುಮಾರ್ಗದ ಕೆಂಪುಕಲ್ಲಿನ ಕೋರೆಯಲ್ಲಿ, ಬಿಸ್ಕತ್ತಿನ ಡಬ್ಬಕ್ಕೆ
ಅಣ್ಣನ ಗುಂಡು ಯಾವತ್ತೂ ಎಡಕ್ಕೇ. ಬೆರಳು ಎಳೆಯುತ್ತಿದ್ದುದೇ ಓರೆ.
ಬೆರಳನ್ನು ತಿದ್ದಲಿಲ್ಲ ಪುಣ್ಯಾತ್ಮ, ಕಚ್ಚನ್ನು ತಿದ್ದಿದ.
ಸುತ್ತಿಗೆಯ ಹಿಡಿಯಿಂದ ಮೆಲ್ಲ ತಟ್ಟಿ, ಬಲಕ್ಕೆ ಅರ್ಧ ಗೆರೆ.

ಅವನು ಹೋದ ಮೇಲೆ ಲೈಸನ್ಸು ನನ್ನ ಹೆಸರಿಗಾಗಲು ಎರಡು ವರ್ಷ.
ಡಿ.ಸಿ. ಆಫೀಸಿನ ಬೆಂಚಿನಲ್ಲಿ ಕೂತು ಹಾಕಿದ ಕಾಜಗಳೆಷ್ಟೋ.
ಬಂದೂಕು ಕೈಗೆ ಬಂದ ಮೇಲೆ ನನ್ನ ಗುಂಡೆಲ್ಲ ಬಲಕ್ಕೆ:
ಅವನ ಕಾಯಿಲೆಗೆ ಅವನಿಟ್ಟ ಮದ್ದು
ನನ್ನ ಕಾಗದದಲ್ಲಿ ತೂತು.
ಚುಕ್ಕೆಯ ಎಡಕ್ಕೆ ಗುರಿಯಿಟ್ಟು ಸುಧಾರಿಸಿಕೊಂಡೆ.
ಸುತ್ತಿಗೆ ಮನೆಯಲ್ಲೇ ಇತ್ತು.

ಭಾನುವಾರ, ಪೂಜೆ ಮುಗಿಸಿ ಕ್ಲಬ್ಬು.
ಎಡಕ್ಕೆ ಹನ್ನೆರಡು ಕ್ಲಿಕ್ಕು, ಕೆಳಕ್ಕೆ ಏಳು.
ಐದು ಗುಂಡು ಬಿದ್ದ ಜಾಗ
ಅಂಗಿಯ ಒಂದು ಗುಂಡಿಯಡಿ ಮುಚ್ಚಿಹೋಗುವಷ್ಟು.
ಪಕ್ಕದ ಹುಡುಗ ಬಂದು ಬೆಲೆ ಕೇಳಿದ. ಹೇಳಿದೆ. ನಂಬಲಿಲ್ಲ.

ಸ್ಕೋಪಿನ ಹೊಟ್ಟೆಯಡಿ, ಬೆರಳು ತೂರದ ಸಂದಿನಲ್ಲಿ,
ಯಾರ ಕಣ್ಣಿಗೂ ಬೇಡವಾಗಿ
ಆ ಕಚ್ಚು
ಇನ್ನೂ ಬಲಕ್ಕೇ ವಾಲಿ ಕೂತಿದೆ.